ಎರಡು ವಿಮಾನ, ಎರಡು ಹೂವು

ಹೊಲದಲ್ಲಿ ಎಮ್ಮೆ ನಿಂತದ್ದನ್ನು ಎಲ್ಲ ಊರಿನವರೂ ನೋಡಿರುತ್ತಾರೆ. ವಿಮಾನ ನಿಂತದ್ದನ್ನು ನೋಡಿದವರು ಕೊಳಕೂರಿನ ಮಂದಿ. ಅದೂ ಒಂದಲ್ಲ, ಎರಡು.

ಎಂಬತ್ತರ ದಶಕದ ಒಂದು ವೈಶಾಖ ಅದು. ತೊಗರಿ ಕಿತ್ತು ರಾಶಿಯಾಗಿ ಎಷ್ಟೋ ದಿನವಾಗಿತ್ತು. ಎರೆ ನೆಲ ಬಿಸಿಲಿಗೆ ಕಾದು ಹಂಚಿನಂತೆ ಗಟ್ಟಿಯಾಗಿತ್ತು. ಭೀಮೆ ಮೊಣಕಾಲ ಮಟ್ಟಕ್ಕೆ ಇಳಿದು, ತನ್ನ ಪಾಡಿಗೆ ತಾನು ಹರಿಯುತ್ತಿದ್ದಳು.

ಹೊಲ ಆಳಂದದ ದೌಲತರಾಯರದು. ಬೇಳೆ ಮಿಲ್ಲಿನ ಸಾವಕಾರರು. ಮುಂಜಾನೆ ಲಿಂಗಪೂಜೆಯಾಗದೆ ನೀರು ಮುಟ್ಟದವರು. ಅವರ ಒಬ್ಬಳೇ ಮಗಳು ಶಿವಕಾಂತಾ ಡಾಕ್ಟರಾಗಿ ಬಂದು ಜೇವರ್ಗಿಯಲ್ಲಿ ಹೆರಿಗೆ ದವಾಖಾನೆ ನಡೆಸುತ್ತಿದ್ದಳು. ಹೋದ ಮಳೆಗಾಲ ಹೊಳೆ ಬಂದು ಹಾದಿ ಮುಚ್ಚಿದಾಗ ಒಬ್ಬ ಬಸುರಿ ಅವಳ ಕೈಯಲ್ಲೇ ಹೋದಳು. ದೊಡ್ಡ ದವಾಖಾನೆ ಸೊಲ್ಲಾಪುರದಲ್ಲಿತ್ತು. ನಡುವೆ ನೀರಿತ್ತು. ಅಂದಿನಿಂದ ಶಿವಕಾಂತಾ ಊಟಕ್ಕೆ ಕೂತರೆ ತಾಟು ನೋಡುತ್ತ ಸುಮ್ಮನೆ ಕೂಡುವಳು.

"ಏನ ಬೇಕವ್ವ ನಿನಗ? ಬಾಯಿಬಿಟ್ಟು ಹೇಳು," ಎಂದರು ಅಪ್ಪ ಒಂದು ದಿನ.

"ಹಾರೂದು ಬೇಕು ಅಪ್ಪಾ."

ದೌಲತರಾಯರು ನಕ್ಕರು. ನಗು ನಿಂತ ಮೇಲೆ ಹೈದರಾಬಾದಿಗೂ ಮುಂಬಯಿಗೂ ಹೇಳಿ ಕಳಿಸಿದರು. ಪರವಾನಗಿಗೆ ದಿಲ್ಲಿಯ ತನಕ ಓಡಾಡಿದರು. ನಾಲ್ಕು ಸೀಟಿನ ಸಣ್ಣ ವಿಮಾನ ಸಾಕು, ಒಬ್ಬ ಪೈಲಟ್, ಒಬ್ಬ ರೋಗಿ, ಜೊತೆಗೆ ಇಬ್ಬರು ಎಂದು ತೀರ್ಮಾನವಾಯಿತು. ಹೈದರಾಬಾದಿನಲ್ಲಿ ಹಳೆಯದೊಂದು, ಮುಂಬಯಿಯಲ್ಲಿ ಹೊಸದೊಂದು ಇತ್ತು; ಯಾವುದು ಎಂಬುದು ಮಾತ್ರ ತೀರ್ಮಾನವಾಗಲಿಲ್ಲ. ಎರಡೂ ಬರಲಿ, ಕಣ್ಣಿಲೆ ನೋಡಿ ತಗೊಳ್ಳೋಣ ಎಂದರು ಸಾವಕಾರರು, ಎತ್ತು ನೋಡಿ ತಗೊಳ್ಳುವವರ ಹಾಗೆ.

ಹಳೆಯದು ಮೊದಲು ಬಂತು.

ಶಿವಕಾಂತಾ ಬಿಸಿಲಿಗೆ ತಲೆಯ ಮೇಲೆ ಸೆರಗು ಹೊದ್ದು, ಹಳೆಯ ಇಳಕಲ್ ಸೀರೆಯಲ್ಲಿ ಹೊಲದ ಬದುವಿನ ಮೇಲೆ ನಿಂತಿದ್ದಳು. ಆಕಾಶದಲ್ಲಿ ಗುಂಯ್ ಎಂದಿತು. ವಿಮಾನ ಒಂದು ಸುತ್ತು ಹಾಕಿತು, ಎರಡು ಸುತ್ತು ಹಾಕಿತು, ಇಳಿಯಲಿಲ್ಲ. ನೋಡಿದರೆ ಯಾರದೋ ಎಮ್ಮೆ ಹೊಲದ ಮಧ್ಯೆ ನಿಂತು ಮೆಲುಕು ಹಾಕುತ್ತಿತ್ತು. ಅವಳು ಒಂದು ತೊಗರಿ ಕಟ್ಟಿಗೆ ಹಿರಿದುಕೊಂಡು, "ಹೋs, ಹೋs" ಎನ್ನುತ್ತ ಎಮ್ಮೆಯನ್ನು ಬದುವಿಗೆ ಹೊಡೆದುಕೊಂಡು ಬಂದಳು.

ವಿಮಾನ ಇಳಿಯಿತು. ರೆಕ್ಕೆ ತಲೆಯ ಮೇಲೆ, ಮುಂದೆ ಎರಡು ದೊಡ್ಡ ಗಾಲಿ, ಹಿಂದೆ ಬಾಲದ ಕೆಳಗೊಂದು ಪುಟ್ಟ ಗಾಲಿ. ಮೂಗು ಮೇಲಕ್ಕೆತ್ತಿ ಕೂತ ಮುದುಕನಂತಿತ್ತು. ಅದರಿಂದ ತೆಳ್ಳಗಿನ, ಕಪ್ಪನೆಯ, ಮೂವತ್ತರ ಆಚೀಚಿನ ಗಂಡಸು ಇಳಿದ. ಅಂಗಿಯ ತೋಳು ಮಡಚಿತ್ತು. ಕಣ್ಣಿನ ಸುತ್ತ ಬಿಸಿಲಿಗೆ ಕಿರಿದು ಮಾಡಿ ಮಾಡಿ ಬಿದ್ದ ಗೆರೆಗಳಿದ್ದವು. ನಗದಿದ್ದರೂ ನಕ್ಕಂತೆ ಕಾಣುವ ಗೆರೆಗಳು.

"ಭಾಳ ಉಪಕಾರ ಆತು ಅವ್ವಾ. ನಿಮ್ಮ ಎಮ್ಮಿ ಇವತ್ತ ನನ್ನ ಜೀವಾ ತಗೀತಿತ್ತು," ಎಂದ. "ಜರಾ ಹೋಗಿ ಡಾಕ್ಟರಬಾಯಿಗೆ ವಿಮಾನ ಬಂತು ಅಂತ ಹೇಳ್ತೀರಿ? ಜಲ್ದಿ ಹೋಗ್ರಿ. ಅವರು ಭಾಳ ಖಡಕ್ ಅಂತ."

"ಯಾರ ಹೇಳಿದ್ರು?"

"ಹೋದ ವಾರ ಹೊಲಾ ನೋಡಾಕ ಬಂದಾಗ ಜೇವರ್ಗಿ ಬಸ್ ಸ್ಟ್ಯಾಂಡಿನ್ಯಾಗ ಕೇಳ್ದೆ. ತಡಾ ಮಾಡಿ ಬಂದ ಗಂಡಂದ್ರಿಗೆ ಬೈತಾರಂತ. ಸೂಜಿಗಿಂತ ಬೈಗುಳಾನೇ ಜಾಸ್ತಿ ಚುಚ್ಚತದಂತ."

"ಹೌದ್ರಿ, ಬೈತಾಳ," ಎಂದಳು ಶಿವಕಾಂತಾ. "ಎಮ್ಮಿ ಯಾರದು ಅಂತ ಕೇಳದs ಎಮ್ಮಿ ಕಾಯಾಕಿ ಅಂತ ತಿಳಕೊಂಡೋರಿಗೆ ಇನ್ನೂ ಜೋರ ಬೈತಾಳ." ಸೆರಗು ಹಿಂದೆ ಸರಿಸಿ, ಹೆಗಲ ಚೀಲದಿಂದ ಸ್ಟೆತಾಸ್ಕೋಪು ತೆಗೆದು ಕೊರಳಿಗೆ ಹಾಕಿಕೊಂಡಳು. "ಬರ್ರಿ, ಬೈಸಿಕೊಳ್ರಿ."

ಅವನು ಎಮ್ಮೆಯ ಕಡೆ ನೋಡಿದ. ಅದು ಏನೂ ಸಹಾಯ ಮಾಡಲಿಲ್ಲ.

ದೇವಿಂದ್ರಪ್ಪ ಎಂದು ಹೆಸರು. ಅಫಜಲಪುರದವನೇ. ಅಪ್ಪ ಕಂಬಳಿ ನೇಯುತ್ತಿದ್ದ. ಹುಡುಗನಿದ್ದಾಗ ಹೈದರಾಬಾದಿಗೆ ಹೋಗಿ, ಸಲಾವುದ್ದೀನ ಎಂಬ ಪೈಲಟರ ಕೈಯಲ್ಲಿ ಮೊದಲು ವಿಮಾನ ತೊಳೆಯುವುದನ್ನು, ಆಮೇಲೆ ರಿಪೇರಿಯನ್ನು, ಕಡೆಗೆ ಹಾರಿಸುವುದನ್ನು ಕಲಿತಿದ್ದ.

ಮಧ್ಯಾಹ್ನಕ್ಕೆ ಹೊಸ ವಿಮಾನ ಬಂತು. ಬೆಳ್ಳಗೆ, ಬೆಳ್ಳಿ ತಾಟಿನಂತೆ ಹೊಳೆಯುತ್ತಿತ್ತು. ರೆಕ್ಕೆ ಕೆಳಗೆ, ಮೂರು ಸಣ್ಣ ಗಾಲಿ, ಒಳಗೆ ಮೆತ್ತನೆಯ ಸೀಟು, ರೇಡಿಯೋ, ಮಿಣಮಿಣ ದೀಪ. ಅದರ ಜೊತೆ ಮುಂಬಯಿಯ ಕಂಪನಿ ಪೈಲಟ್ ಬಂದಿದ್ದ, ಕಪ್ಪು ಕನ್ನಡಕ ಹಾಕಿಕೊಂಡು. ಒಳ್ಳೆಯ ಮನುಷ್ಯ, ಆದರೆ ಕನ್ನಡದಲ್ಲಿ ಅವನಿಗೆ ಬರುತ್ತಿದ್ದುದು "ಊಟ" ಒಂದೇ.

ಒಂದು ವಾರ ಎರಡೂ ಹಾರಿದವು.

ಹೊಸದರಲ್ಲಿ ಕೂತು ಸೀರೆಯ ನೆರಿಗೆ ಸರಿಮಾಡಿಕೊಳ್ಳುವುದರೊಳಗೆ ಸೊಲ್ಲಾಪುರದ ಗಿರಣಿ ಚಿಮಣಿಗಳು ಕಂಡವು. ಶಿವಕಾಂತಾಳ ಎದೆ ಹಗುರಾಯಿತು. ರಕ್ತ ಹೋಗುತ್ತಿರುವ ಹೆಣ್ಣುಮಗಳಿಗೆ ಬೇಕಾದದ್ದು ಇದೇ ಅಲ್ಲವೇ, ಬೇಗ ಮುಟ್ಟುವುದು? ಡಾಕ್ಟರಾಗಿ ಅವಳ ತೀರ್ಮಾನ ಅವತ್ತೇ ಆಗಿಹೋಯಿತು.

ಮರುದಿನ ಹಳೆಯದರಲ್ಲಿ ಕೂತಳು. ಅದು ಅವಸರವಿಲ್ಲದೆ ಎದ್ದಿತು, ಅವಸರವಿಲ್ಲದೆ ಸಾಗಿತು. ರೆಕ್ಕೆ ಮೇಲಿದ್ದುದರಿಂದ ಕಿಟಕಿಯ ಕೆಳಗೆ ನಾಡೆಲ್ಲ ಬಿಚ್ಚಿಟ್ಟಂತೆ ಕಂಡಿತು. ಭೀಮೆ ಎಲ್ಲೆಲ್ಲಿ ಸೊಂಟ ತಿರುವಿದ್ದಾಳೆ, ಯಾವ ಊರು ಅವಳ ಮಡಿಲಲ್ಲಿ ಕೂತಿದೆ, ಯಾವುದು ಹೆದರಿ ದೂರ ನಿಂತಿದೆ ಎಲ್ಲ ಕಂಡಿತು. ಘತ್ತರಗಿ ಬಂದಾಗ ಅವನು ವಿಮಾನವನ್ನು ತುಸು ವಾಲಿಸಿದ. ಕೆಳಗೆ ಭಾಗ್ಯವಂತಿಯ ಗುಡಿ. ಹೊಳೆಯಲ್ಲಿ ಮೀಯುವ ಮಂದಿ ಸಾಸಿವೆ ಚೆಲ್ಲಿದಂತೆ ಕಾಣುತ್ತಿದ್ದರು.

ಶಿವಕಾಂತಾ ಕೈ ಮುಗಿದಳು. ಓರೆಗಣ್ಣಿನಿಂದ ನೋಡಿದರೆ ಅವನೂ ಒಂದು ಕೈ ಬಿಟ್ಟು ಎದೆ ಮುಟ್ಟಿಕೊಂಡಿದ್ದ.

"ನಂಬತೀರೇನ್ರಿ?" ಎಂದಳು, ಇಂಜಿನ್ ಸದ್ದಿನ ಮೇಲೆ ಕೂಗಿ.

"ಇಷ್ಟು ಎತ್ತರಕ್ಕ ಬಂದ ಮ್ಯಾಲೆ ನಂಬಲಾರದ ಪೈಲಟನ್ನ ನಾ ನೋಡಿಲ್ರಿ," ಎಂದು ಅವನೂ ಕೂಗಿದ. ಆಮೇಲೆ, "ನೀವು ಹಂಗ ನೋಡಬ್ಯಾಡ್ರಿ. ವಿಮಾನ ಸೀದಾ ಹೋಗಂಗಿಲ್ಲ."

"ನಾ ಹೊಳಿ ನೋಡಾಕತ್ತೇನಿ."

"ಹೊಳಿ ಆ ಕಡಿ ಅದರಿ."

ಅವಳು ಆ ಕಡೆ ತಿರುಗಿದಳು. ಕಿವಿ ಬೆಚ್ಚಗಾಗಿತ್ತು. ಬಿಸಿಲೇ ಇರಬೇಕು ಎಂದುಕೊಂಡಳು.

ದೌಲತರಾಯರ ಅಕ್ಕ ತುಳಜಾಬಾಯಿ ಕೂಡ ಒಮ್ಮೆ ಹತ್ತಿ ನೋಡುತ್ತೇನೆಂದಳು. ಮೈ ಭಾರದ, ಮೊಣಕಾಲು ನೋವಿನ ಮುದುಕಿ. ಹಳೆಯದರ ಬಾಗಿಲು ಅಗಲ. ಒಂದು ಮೆಟ್ಟಿಲಿಟ್ಟರೆ ಎತ್ತಿನ ಗಾಡಿ ಹತ್ತಿದಂತೆ ಹತ್ತಿ ಕೂತಳು. ಹೊಸದಕ್ಕೆ ಮಾತ್ರ ಮೊದಲು ರೆಕ್ಕೆಯ ಮೇಲೆ ಹತ್ತಿ, ಅಲ್ಲಿಂದ ಒಳಗೆ ಇಳಿಯಬೇಕು. ಕಂಪನಿ ಪೈಲಟ್ ವಿನಯದಿಂದ ಕೈ ಚಾಚಿದ.

"ಸರಿಯಪ್ಪಾ ಆಚೆ. ಪರಗಂಡಸಿನ ಕೈ ಹಿಡದು ಆಕಾಶಕ್ಕ ಹೋಗೂ ವಯಸ್ಸೇನ ನಂದು?" ಎಂದು ಅತ್ತೆ ರೆಕ್ಕೆಯ ಮೇಲೆ ಎರಡು ಸಲ ಕಾಲೆತ್ತಿಟ್ಟು, ಹತ್ತಲಾಗದೆ ಹಿಂದೆ ಬಂದಳು. ಮಂದಿಯೆಲ್ಲ ನಕ್ಕರು. ನಕ್ಕು ಮರೆತರು.

ಅವತ್ತು ಮಜ್ಜಿಗೆ ಕುಡಿಯುತ್ತ ದೇವಿಂದ್ರಪ್ಪ ಒಂದು ಮಾತು ಹೇಳಿದ. ಹಳೆಯ ವಿಮಾನ ಅವನ ಉಸ್ತಾದ ಸಲಾವುದ್ದೀನ ಸಾಹೇಬರದು. ಅವರ ಕಣ್ಣು ಮಂಜಾಗಿ ಇನ್ನು ಹಾರಿಸಲಾರರು. ವಿಮಾನ ಯಾರ ಪಾಲಾಗುವುದೋ ಅವರ ಹತ್ತಿರ ನೀನೂ ಇರಬೇಕು, ನಡುನೀರಲ್ಲಿ ಬಿಟ್ಟು ಬರಬಾರದು ಎಂದು ಅವನಿಂದ ಮಾತು ತೆಗೆದುಕೊಂಡಿದ್ದರು.

"ನಾವು ತಗೊಳ್ಳಲಿಲ್ಲ ಅಂದ್ರ?" ಎಂದಳು ಶಿವಕಾಂತಾ.

"ನಾಗಪುರದಾಗ ಒಬ್ಬರು ಕಾಯಾಕತ್ಯಾರ್ರಿ. ಅದರ ಕೂಡ ನಾನೂ ಹೋಗ್ತೇನಿ."

"ಮತ್ತ ಈ ಕಡಿ ಬರೂದು?"

"ಹಬ್ಬಕ್ಕ, ಅವ್ವನ ಕೈ ಊಟಕ್ಕ." ಅವನು ಲೋಟ ಕೆಳಗಿಟ್ಟ. "ನಿಮ್ಮ ಮಜ್ಜಿಗಿ ನೆನಪ ಮಾಡ್ಕೋತೇನ್ರಿ."

ಮಜ್ಜಿಗೆಯಲ್ಲಿ ಇಂಗು ಜಾಸ್ತಿಯಾಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಅಲ್ಲಿಂದ ಶಿವಕಾಂತಾಳ ಮನಸ್ಸು ಎರಡು ಹೋಳಾಯಿತು. ಅವಳಲ್ಲಿದ್ದ ಡಾಕ್ಟರು ಹೊಸದು ಎನ್ನುತ್ತಿದ್ದಳು. ಇನ್ನೊಬ್ಬಳು, ಇಷ್ಟು ವರ್ಷ ಎಲ್ಲಿದ್ದಳೋ ಏನೋ, ಮುಂಜಾನೆ ಎದ್ದ ಕೂಡಲೇ ಆಕಾಶದ ಸದ್ದಿಗೆ ಕಿವಿಗೊಡುತ್ತಿದ್ದಳು. ಹೊಸದು ಬಂದರೆ ಅವನು ಹೋಗುತ್ತಾನೆ. ಹಳೆಯದು ನಿಂತರೆ ಅವನು ನಿಲ್ಲುತ್ತಾನೆ. ಲೆಕ್ಕ ಇಷ್ಟೇ. ಇಷ್ಟು ಸಣ್ಣ ಲೆಕ್ಕ ಅವಳನ್ನು ಜಪಕ್ಕೆ ಕೂತಾಗಲೂ ಬಿಡಲಿಲ್ಲ.

ಸಾವಕಾರರಿಗೂ ಇತ್ಯರ್ಥವಾಗಲಿಲ್ಲ. ಹೊಸದರ ಹೊಳಪಿಗೆ ಕಣ್ಣು ಹೋಗುತ್ತಿತ್ತು. ಹಳೆಯದನ್ನು ನೋಡಿದರೆ ಅವರ ಅಪ್ಪನ ಗಾಡಿ ನೆನಪಾಗುತ್ತಿತ್ತು. ಆಗ ತುಳಜಾಬಾಯಿ ಹೇಳಿದಳು, "ಹೊಲದಾಗ ತಾಯಿ ಕುಂತಾಳ. ಹೂ ಇಟ್ಟು ಕೇಳೂಣು."

ಅವರ ಅಜ್ಜ ಘತ್ತರಗಿಯ ಹೊಳೆಯ ಮಣ್ಣು ತಂದು ಹೊಲದ ಮೂಲೆಯಲ್ಲಿ ಕಟ್ಟಿಸಿದ ಪುಟ್ಟ ಗುಡಿ ಅದು. ಒಳಗೆ ಭಾಗ್ಯವಂತಿಯ ಹೆಸರಿನ ಕಲ್ಲುಮೂರ್ತಿ. ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಮನೆತನದಲ್ಲಿ ಒಂದು ರೂಢಿ ಇತ್ತು. ಮಾತು ಇತ್ಯರ್ಥವಾಗದಿದ್ದರೆ ಎರಡು ಕಣಗಲ ಹೂವನ್ನು ನೀರಲ್ಲಿ ಅದ್ದಿ, ದೇವಿಯ ಎರಡು ಭುಜಕ್ಕೆ ಅಂಟಿಸುವುದು. ನೀರು ಆರಿದಂತೆ ಹೂ ಉದುರುತ್ತದೆ. ಯಾವ ಕಡೆಯದು ಮೊದಲು ಉದುರಿತೋ ಅದೇ ತಾಯಿಯ ಮಾತು. ಬಾವಿ ತೋಡುವ ಜಾಗ, ಮದುವೆಯ ಸಂಬಂಧ, ಎಲ್ಲ ಅಲ್ಲಿಯೇ ಕೇಳಿದ್ದರು.

"ಇಷ್ಟಲಿಂಗ ಕೈಯಾಗ ಹಿಡಿಯಾಂವ ನಾನು. ನಿನ್ನ ಹೂವಿನ ನ್ಯಾಯಕ್ಕ ನನ್ನ ಯಾಕ ಎಳೀತಿ?" ಎಂದು ತಮ್ಮ ಗೊಣಗಿದರು.

"ಹಂಗಾದ್ರ ನೀನs ಹೇಳು, ಯಾವುದು?"

ದೌಲತರಾಯರು ಸ್ವಲ್ಪ ಹೊತ್ತು ಮೀಸೆ ತೀಡಿದರು. "ನಾಳೆ ಮುಂಜಾನೆ ಇಡು," ಎಂದರು.

ಆ ಸಂಜೆ ಶಿವಕಾಂತಾ ಹೊಲಕ್ಕೆ ಹೋದಳು. ದೇವಿಂದ್ರಪ್ಪ ಏಣಿ ಹತ್ತಿ ರೆಕ್ಕೆಗೆ ಬಟ್ಟೆಯ ತೇಪೆ ಹಾಕುತ್ತಿದ್ದ. ಹಳೆಯ ವಿಮಾನದ ರೆಕ್ಕೆಗೆ ತಗಡಿಲ್ಲ, ಬಿಗಿದ ಬಟ್ಟೆ. ಅದಕ್ಕೊಂದು ಅಂಟು ಬಳಿಯುತ್ತಾರೆ. ಅವಳು ಕೆಳಗೆ ನಿಂತು ನೇರವಾಗಿಯೇ ಕೇಳಿದಳು.

"ನಿಮ್ಮ ಬಾಯಿಲೆ ಕೇಳಬೇಕು ಅಂತ ಬಂದೀನ್ರಿ. ಯಾವುದು ತಗೋಬೇಕು?"

ಅವನ ಕೈ ನಿಂತಿತು. ಕೆಳಗೆ ನೋಡಲಿಲ್ಲ.

"ಹೊಸದು ತಗೋರಿ."

"ಖರೇ ಹೇಳ್ತೀರಿ?"

"ಇದು ಮುದುಕ ಆಗ್ಯದರಿ. ಇಂಜಿನ್ ಬಿಚ್ಚಿ ಮಾಡಿಸಬೇಕು. ಹೊಸದು ತಗೋರಿ." ಮತ್ತೆ ಬಟ್ಟೆಯ ಮೇಲೆ ಬೆರಳು ಉಜ್ಜತೊಡಗಿದ, ಆಗಲೇ ಅಂಟಿದ ಜಾಗವನ್ನೇ ಮತ್ತೆ ಮತ್ತೆ.

ಅವಳು ತಿರುಗಿ ನಡೆದಳು. ಅವನಿಗೆ ಹೋಗುವುದೇ ಬೇಕಾಗಿದೆ, ತಾನೊಬ್ಬಳೇ ಗಾಳಿಗೆ ಗೋಡೆ ಕಟ್ಟುತ್ತಿದ್ದೇನೆ ಎನಿಸಿತು. ಬದುವಿನ ಮೇಲೆ ಒಮ್ಮೆ ನಿಂತು ಹಿಂದೆ ನೋಡಿದಳು. ಅವನು ಏಣಿಯ ಮೇಲೆಯೇ, ಕೈಯಲ್ಲಿ ಕುಂಚ ಹಿಡಿದು, ಅವಳು ಹೋಗುವ ದಾರಿಯನ್ನೇ ನೋಡುತ್ತಿದ್ದ. ಅವಳು ನೋಡಿದ ಕೂಡಲೇ ಕುಂಚವನ್ನು ಗಾಳಿಯಲ್ಲೇ ಆಡಿಸಿದ. ಅಲ್ಲಿ ರೆಕ್ಕೆ ಇರಲಿಲ್ಲ.

ಆ ಒಂದು ನೋಟ ಇಲ್ಲದಿದ್ದರೆ ಮರುದಿನದ ಪಾಪ ನಡೆಯುತ್ತಿರಲಿಲ್ಲ.

ಮರುದಿನ ಎಲ್ಲರೂ ಮಡಿಯುಟ್ಟು ಗುಡಿಯ ಮುಂದೆ ಸೇರಿದರು. ತುಳಜಾಬಾಯಿ ಹೂ ಅದ್ದಿ ಅಂಟಿಸಿ, ಊದಿನಕಡ್ಡಿ ಹಚ್ಚಿ ಹೊರಬಂದು ಸಾರಿದಳು, "ಬಲಗಡೀದು ಬಿದ್ರ ಹೊಸದು. ಎಡಗಡೀದು ಬಿದ್ರ ಹಳೇದು. ಒಬ್ಬೊಬ್ಬರೇ ಹೋಗಿ ಕೈ ಮುಗದು ಬರ್ರಿ."

ಸಾವಕಾರರು ಹೋಗಿ ಬಂದರು. ಶಿವಕಾಂತಾ ಹೋದಳು.

ಒಳಗೆ ಅವಳೂ ತಾಯಿಯೂ ಇಬ್ಬರೇ. ಕುಂಕುಮದ ನಡುವೆ ಬೆಳ್ಳಿಯ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಬಲಭುಜದ ಮೇಲಿನ ಹೂ ಉದುರಬಾರದು. ಅದು ಉದುರಿದರೆ ಹೊಸದು ಬರುತ್ತದೆ, ಅವನು ಹೋಗುತ್ತಾನೆ. ಸೊಂಟಕ್ಕೆ ಸಿಕ್ಕಿಸಿದ್ದ ಚೂರು ತೆಗೆದಳು. ದವಾಖಾನೆಯಲ್ಲಿ ಗಾಯದ ಮೇಲಿನ ಅರಳೆ ಜಾರದಂತೆ ಹಚ್ಚುವ ಬಿಳಿ ಪ್ಲಾಸ್ಟರ್ ಪಟ್ಟಿ, ಉಗುರಿನಷ್ಟಗಲ. ಹೂವಿನ ತೊಟ್ಟಿನ ಮೇಲೆ ಒತ್ತಿದಳು.

"ತಪ್ಪಾತು ತಾಯಿ," ಎಂದಳು ಪಿಸುಮಾತಿನಲ್ಲಿ. "ಬಸುರ್ಯಾರಿಗೆ ಯಾವುದು ಚಲೋ ಅಂತ ನನಗ ಗೊತ್ತದ. ಗೊತ್ತಿದ್ದೂ ಇದನ್ನ ಮಾಡಾಕತ್ತೇನಿ. ಶಿಕ್ಷಾ ಕೊಡಾದಿದ್ರ ನನಗ ಕೊಡು, ಅವರಿಗೆ ಕೊಡಬ್ಯಾಡ."

ಹೊರಬಂದಾಗ ಅವಳ ಹಣೆಯಲ್ಲಿ ಬೆವರಿತ್ತು. ಕಂಪನಿ ಪೈಲಟ್ ಹೊಸ್ತಿಲ ಹೊರಗಿಂದಲೇ ಕೈ ಮುಗಿದ. ಕಡೆಗೆ ದೇವಿಂದ್ರಪ್ಪ ಹೋದ. ಒಳಗೆ ತುಸು ಹೆಚ್ಚು ಹೊತ್ತೇ ಇದ್ದ. ಪಾಪ, ಬೇಡಿಕೊಳ್ಳುವುದು ಬಹಳ ಇರಬೇಕು ಎಂದುಕೊಂಡಳು.

ಎಲ್ಲರೂ ಬೇವಿನ ನೆರಳಲ್ಲಿ ಕೂತು ಬಾಗಿಲ ಕಡೆ ನೋಡತೊಡಗಿದರು.

ಹೂ ಉದುರಲಿಲ್ಲ.

ಬಿಸಿಲೇರಿತು. ಉದುರಲಿಲ್ಲ. ತುಳಜಾಬಾಯಿ ದೇವಿಯ ಪದ ಹಾಡಿದಳು, ಪದ ಮುಗಿಯಿತು, ಹೂ ಇದ್ದಲ್ಲೇ ಇತ್ತು. ಕಂಪನಿ ಪೈಲಟ್ ಬಂದು, "ಊಟ?" ಎಂದ. ಬಲಗಡೆಯದು ಯಾಕೆ ಉದುರುತ್ತಿಲ್ಲ ಎಂಬುದು ಶಿವಕಾಂತಾಳಿಗೆ ಗೊತ್ತು. ಎಡಗಡೆಯದಕ್ಕೇನಾಯಿತು? ಅವಳಿಗೆ ಭಯವಾಯಿತು. ತಾಯಿಗೆ ಸಿಟ್ಟು ಬಂದಿದೆ, ತನ್ನ ಕಪಟಕ್ಕೆ ಮಾತೇ ಬಿಟ್ಟಿದ್ದಾಳೆ ಎನಿಸಿತು. ಎದುರಿಗೆ ದೇವಿಂದ್ರಪ್ಪನೂ ಕಾಲ ಬೆರಳಿನಿಂದ ಮಣ್ಣು ಕೆದರುತ್ತ, ಯಾಕೋ ಅವಳಷ್ಟೇ ಬೆವರುತ್ತಿದ್ದ.

ಊದಿನಕಡ್ಡಿಯ ಹೊಗೆ ಅಡಗಿತು. ತುಳಜಾಬಾಯಿ ಮೂಗು ಎತ್ತಿದಳು.

"ಇದೇನ ವಾಸನಿ? ಗುಡಿಯಾಗ ಬಾಳೆಹಣ್ಣು ಕೊಳತಂಗ?"

ದೌಲತರಾಯರೂ ಮೂಸಿದರು. ಅವರ ಕಣ್ಣು ನಿಧಾನಕ್ಕೆ ಹೊಲದಲ್ಲಿ ನಿಂತ ಹಳೆಯ ವಿಮಾನದ ಕಡೆಗೆ, ಅದರ ಹೊಸ ತೇಪೆಯ ಕಡೆಗೆ ಹೋಯಿತು. ಆ ಅಂಟಿನ ವಾಸನೆ ಒಂದು ವಾರದಿಂದ ಎಲ್ಲರ ಮೂಗಿಗೂ ಪರಿಚಯವಾಗಿತ್ತು.

ಮುದುಕಿ ಒಳಗೆ ಹೋಗಿ ಎಡಗಡೆಯ ಹೂ ಎಳೆದಳು. ಎಸಳು ಹರಿದು ಬಂತು, ತೊಟ್ಟು ಬರಲಿಲ್ಲ. ಬಲಗಡೆಯದನ್ನು ಎಳೆದಳು. ಚರ್ರ್ ಎಂದು ಬಿಳಿ ಪಟ್ಟಿಯ ಸಮೇತ ಕೈಗೆ ಬಂತು. ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಹೊರಬಂದು ತಮ್ಮನ ಮುಂದೆ ಹಿಡಿದಳು.

ಸಾವಕಾರರು ಎರಡನ್ನೂ ಬಗ್ಗಿ ಮೂಸಿ ನೋಡಿದರು. "ಒಂದು ದವಾಖಾನಿ," ಎಂದರು. "ಇನ್ನೊಂದು ವಿಮಾನ."

ಶಿವಕಾಂತಾ ಎದ್ದು ನಿಂತಳು. ಅಪ್ಪನ ಭಯ ಅವಳಿಗೆ ಆಗಲಿಲ್ಲ. ಎಡಗಡೆಯದಕ್ಕೆ ಅಂಟು! ಅಂದರೆ ಹೊಸದೇ ಗೆಲ್ಲಲಿ, ತಾನು ಹೋಗುವಂತಾಗಲಿ ಎಂದು ಅವನು ಹಚ್ಚಿದ್ದಾನೆ.

"ಏನ್ರಿ ಇದು?" ಎಂದಳು, ಅವನ ಮುಂದೆ ಹೋಗಿ ನಿಂತು. "ಇಲ್ಲಿಂದ ಹೋಗಬೇಕು ಅಂತ ನಿಮಗ ಇಷ್ಟು ಅವಸರ ಏನು? ದೇವರಿಗೆ ಅಂಟು ಹಚ್ಚೂವಷ್ಟು?"

ಅವನು ಅವಳ ಮುಖ ನೋಡಲಿಲ್ಲ. ಮುದುಕಿಯ ಕೈಯಲ್ಲಿದ್ದ ಬಿಳಿ ಪಟ್ಟಿ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನಿಗೆ ಅರ್ಥವಾಯಿತು. ಕಣ್ಣಿನ ಗೆರೆಗಳೆಲ್ಲ ಒಮ್ಮೆ ಸಡಿಲಾದವು.

"ಬಲಗಡೀದಕ್ಕ... ನೀವು?"

"ಹೌದು, ನಾನು. ನಾ ಕೇಳಿದ್ದಕ್ಕ ಹೇಳ್ರಿ."

"ಇಬ್ಬರೂ ಸುಮ್ಮನಿರ್ರಿ," ಎಂದರು ದೌಲತರಾಯರು. ದನಿ ಏರಿಸಲಿಲ್ಲ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡರು. "ದೇವಿಂದ್ರಪ್ಪಾ, ನಿನ್ನ ಅವ್ವನ ಆಣಿ ಇಟ್ಟು ಹೇಳು. ಹೊಳಿ ಬಂದದ. ನಿನ್ನ ಸ್ವಂತ ತಂಗಿ ಬ್ಯಾನಿ ತಿನ್ನಾಕತ್ಯಾಳ. ಯಾವ ವಿಮಾನದಾಗ ಕೂಡಸ್ತಿ?"

ಅವನು ತಲೆ ತಗ್ಗಿಸಿದ. "ಹಳೇದ್ರಾಗ್ರಿ."

"ಮತ್ತ ನಿನ್ನೆ ಹೊಸದು ಅಂದ್ರಿ!" ಎಂದಳು ಶಿವಕಾಂತಾ.

"ನೀ ತಡಿ," ಎಂದರು ದೌಲತರಾಯರು. "ನೀ ಹೇಳು ಈಗ, ಡಾಕ್ಟರಾಗಿ. ಯಾವುದು?"

ಅವಳ ದನಿ ಕೆಳಗಿಳಿಯಿತು. "ಹೊಸದು ಅಪ್ಪಾ."

ತುಳಜಾಬಾಯಿ ಹಣೆ ಚಚ್ಚಿಕೊಂಡಳು. "ಅಯ್ಯ ನನ ಶಿವನs! ಹಳೇದು ಬೇಕನ್ನಾಂವ ಹೊಸದು ಗೆಲ್ಲಲಿ ಅಂತ ಅಂಟು ಹಚ್ಯಾನ. ಹೊಸದು ಬೇಕನ್ನಾಕಿ ಹಳೇದು ಗೆಲ್ಲಲಿ ಅಂತ ಪಟ್ಟಿ ಹಚ್ಯಾಳ. ಪಾಪ, ಆ ತಾಯಿ ಯಾರ ಮಾತು ಕೇಳಬೇಕು?"

"ಹಳೇದು ಯಾಕ?" ಶಿವಕಾಂತಾ ಅವನನ್ನು ಬಿಡಲಿಲ್ಲ. "ಸೊಲ್ಲಾಪುರಕ್ಕ ಅದು ಎಷ್ಟು ತಡಾ ಮಾಡ್ತದ ಗೊತ್ತದ ಏನ್ರಿ? ರಕ್ತ ಹೋಗೂ ಹೆಣ್ಣುಮಗಳು ನಿಮ್ಮ ಮುದುಕ ಬರೂ ತನಕ ಕಾಯ್ತಾಳೇನು?"

"ಮತ್ತ ನಿಮ್ಮ ಹೊಸದು ಇಳಿಯೂದೆಲ್ಲಿ?" ಅವನ ದನಿಯೂ ಏರಿತು. "ಈಗ ವೈಶಾಖ. ನೆಲ ಕಲ್ಲಾಗ್ಯದ, ಎಲ್ಲಾ ಚೆಂದ ಕಾಣಸ್ತದ. ಎರಡು ಮಳಿ ಬೀಳಲಿ. ಈ ಎರಿಯಾಗ ಆ ಸಣ್ಣ ಗಾಲಿ ಇಳದ್ರ ಬೆಲ್ಲದ ಪಾಕದಾಗ ನೊಣ ಬಿದ್ದಂಗ. ಏಳಂಗಿಲ್ಲ."

"ಗರಸು ಮಣ್ಣು ಹಾಕಿ ನೆಲಾ ಗಟ್ಟಿ ಮಾಡಸ್ತೇವಿ!"

"ಗರಸು?" ಎಂದು ದೌಲತರಾಯರೇ ನಕ್ಕುಬಿಟ್ಟರು. "ಎರಿ ನೆಲಾ ಗರಸು ನುಂಗೂದು ನೋಡಕೋತ ಮುದುಕ ಆಗೇನವ್ವ ನಾನು. ಹೊಳಪು ನೋಡಿ ನನಗೂ ಮರತs ಹೋಗಿತ್ತು ನೋಡು."

"ಹಳೇದು ಹೊಳಿ ದಂಡಿ ದಿನ್ನಿ ಮ್ಯಾಲ ಇಳೀತದ್ರಿ," ದೇವಿಂದ್ರಪ್ಪ ಅವಳಿಗೇ ಹೇಳುತ್ತಿದ್ದ, ಉಳಿದವರು ಇಲ್ಲವೆಂಬಂತೆ. "ಅಲ್ಲಿ ಕಲ್ಲು ನೆಲ ಅದ, ಆದ್ರ ಜಾಗಾ ಗಿಡ್ಡ. ಹೊಸದಕ್ಕ ಸಾಲಂಗಿಲ್ಲ. ಇದು ಇಳೀತದ. ಗಾಳ್ಯಾಗ ಸ್ವಲ್ಪ ತಡಾ ಆಗ್ತದ ಖರೇ. ಆದ್ರ ರೋಗಿನ್ನ ದೂರದ ಗಟ್ಟಿ ನೆಲದ ತನಕ ಕೆಸರಿನ್ಯಾಗ ಗಾಡಿ ಮ್ಯಾಲ ಅರ್ಧ ದಿನ ಎಳೀಬೇಕಾಗಿಲ್ಲ. ಮತ್ತ ತುಂಬಿದ ಬಸುರಿ ಆ ರೆಕ್ಕಿ ಹೆಂಗ ಹತ್ತತಾಳ, ಹೇಳ್ರಿ?"

"ನಾನs ಹತ್ತಲಿಲ್ಲ!" ಎಂದಳು ತುಳಜಾಬಾಯಿ, ಗೆದ್ದವಳಂತೆ.

ಶಿವಕಾಂತಾಳ ಕಣ್ಣು ಹೊಲದ ಗಾಡಿಜಾಡಿನ ಕಡೆ ಹೋಯಿತು. ಹೋದ ಮಳೆಗಾಲದ ಆ ಹೆಣ್ಣುಮಗಳನ್ನು ತಂದದ್ದೂ ಗಾಡಿಯಲ್ಲೇ. ತಡವಾದದ್ದೂ ಕೆಸರಿನಲ್ಲೇ. ಅವಳು ಆಕಾಶದ ಹಾದಿಯನ್ನಷ್ಟೇ ಅಳೆದಿದ್ದಳು, ನೆಲದ್ದನ್ನು ಬಿಟ್ಟಿದ್ದಳು. ಸೋತೆ ಎನಿಸಿತು, ಸೋತದ್ದಕ್ಕೆ ಇಷ್ಟು ಹಗುರ ಅನಿಸಿದ್ದು ಅದೇ ಮೊದಲು. ಆದರೂ ಪೂರ್ತಿ ಬಿಟ್ಟುಕೊಡಲಿಲ್ಲ.

"ರೇಡಿಯೋ ಹಾಕಸಬೇಕು. ಇಂಜಿನ್ ಬಿಚ್ಚಿ ಮಾಡಸಬೇಕು, ಮಳಿಗಿಂತ ಮೊದಲು. ಅಲ್ಲೀ ತನಕ ನನ್ನ ರೋಗಿ ಹತ್ತಂಗಿಲ್ಲ."

"ಹೂಂನ್ರಿ."

"ಹಿಂದಿನ ಎರಡು ಸೀಟು ತಗದು ಮಲಗಿಸೂ ಹಂಗ ಮಾಡಬೇಕು."

"ಒಂದು ತಗೀತೇನ್ರಿ. ರೋಗಿ ಹತ್ರ ನೀವು ಎಲ್ಲಿ ಕೂಡ್ತೀರಿ?"

"ನಾ ನಿಂದ್ರತೇನಿ."

"ವಿಮಾನದಾಗ ನಿಂದ್ರಾಕ ಬರಂಗಿಲ್ರಿ. ಬಸ್ ಅಲ್ಲ ಅದು."

"ಎಲ್ಲಾದಕ್ಕೂ ಇಲ್ಲ ಅಂತೀರಿ ನೀವು!"

"ನೋಡs ಅಕ್ಕಾ," ಎಂದರು ದೌಲತರಾಯರು ಮೆಲ್ಲಗೆ, "ಲಗ್ನ ಆಗಿ ಹತ್ತು ವರ್ಷ ಆದವರ ಹಂಗ ಜಗಳಾಡಾಕತ್ಯಾರ."

ಇಬ್ಬರೂ ಒಮ್ಮೆಲೇ ಒಂದೊಂದು ಹೆಜ್ಜೆ ಹಿಂದೆ ಸರಿದರು. ಬೇವಿನ ಮರದಲ್ಲಿ ಗಿಳಿಯೊಂದು ಕೂಗಿತು. ಕಂಪನಿ ಪೈಲಟ್ ಕಪ್ಪು ಕನ್ನಡಕ ತೆಗೆದು, ಭಾಷೆ ಬಾರದಿದ್ದರೂ ಎಲ್ಲ ತಿಳಿದವನಂತೆ ನಕ್ಕು, ತನ್ನ ಚೀಲ ಜೋಡಿಸಿಕೊಳ್ಳಲು ಹೋದ.

"ವಿಮಾನದ್ದು ಮುಗೀತು. ಹಳೇದು," ಎಂದರು ಸಾವಕಾರರು. "ಇನ್ನ ಹೇಳು ತಮ್ಮಾ. ಹಳೇದs ಚಲೋ ಅಂತ ಗೊತ್ತಿದ್ದೂ ಸುಳ್ಳ ಯಾಕ ಹೇಳಿದಿ?"

ದೇವಿಂದ್ರಪ್ಪ ಅಂಗಿಯ ಅಂಚಿಗೆ ಬೆರಳು ಒರೆಸಿಕೊಂಡ. ಅಂಟು ಹೋಗಲಿಲ್ಲ. "ಮಂದಿ ಅಂತಾರ್ರಿ. ವಿಮಾನ ಮಾರಾಕ ಬಂದಾಂವ ಸಾವಕಾರ್ರ ಮಗಳ ಮನಸ್ಸು ಕೆಡಿಸಿ ಮುದುಕ ವಿಮಾನ ಕಟ್ಟಿ ಹೋದ ಅಂತ. ನನಗ ಅಂದ್ರ ಅನ್ನಲಿ. ಅವರಿಗೂ ಅಂತಾರ. ನನ್ನ ಮನಸ್ಸಿನ್ಯಾಗ ಏನೂ ಇರಲಿಲ್ಲ ಅಂದಿದ್ರ ಅಂಜತಿದ್ದಿಲ್ರಿ. ಇತ್ತು. ಅದಕ್ಕs ಅಂಜಿದೆ."

ಹೇಳಿದ್ದು ಅಪ್ಪನಿಗೆ. ಕಿವಿಗೊಟ್ಟದ್ದು ಮಗಳು. ಒಂದು ವಾರದಿಂದ ಕೇಳಬೇಕೆಂದಿದ್ದ ಮಾತು ಹೀಗೆ ಬಿಸಿಲಲ್ಲಿ, ನಾಲ್ಕು ಮಂದಿಯ ನಡುವೆ, ಲೆಕ್ಕ ಒಪ್ಪಿಸಿದಂತೆ ಬಂತು.

ತುಳಜಾಬಾಯಿ ತಮ್ಮನ ಕಿವಿಯ ಹತ್ತಿರ ಬಗ್ಗಿದಳು. "ಅವರು ಯಾವ ಮಂದಿ ಕೇಳಿದೇನು? ಕಂಬಳಿ ನೇಯೋರು."

"ಮುಂಜಾನೆ ಪೂಜಿ ಮಾಡಿ ಎದ್ದ ಬಾಯಿಲೆ ಅದನ್ನ ಕೇಳಂದ್ರ ಹೆಂಗ ಕೇಳ್ಲಿ ಅಕ್ಕಾ?" ಎಂದರು ದೌಲತರಾಯರು. ಅವರಿಗೂ ಆ ಮಾತು ಸಲೀಸಾಗಿ ಬರಲಿಲ್ಲ. ಆದರೆ ಬಂತು. "ಜೀವನಪೂರ್ತಿ ಶರಣರ ಹೆಸರು ಹೇಳಕೋತ ಬಂದೀನಿ. ನಮ್ಮ ಮನಿ ಬಾಗಿಲಿಗೆ ಬಂದಾಗ ಮರೀಲೇನು?"

ಮುದುಕಿ ಅವರ ಮುಖವನ್ನೇ ನೋಡಿದಳು. ನಿಟ್ಟುಸಿರು ಬಿಟ್ಟು, ಗುಡಿಯೊಳಗೆ ಹೋಗಿ ಒದ್ದೆ ಬಟ್ಟೆಯಿಂದ ದೇವಿಯ ಭುಜ ಉಜ್ಜಿ ಉಜ್ಜಿ ಒರೆಸಿದಳು. ಆಮೇಲೆ ಮತ್ತೆರಡು ಕಣಗಲ ಹೂ ಕಿತ್ತು ತಂಬಿಗೆಯಲ್ಲಿ ಅದ್ದಿದಳು.

"ಹಂಗಾದ್ರ ಇದನ್ನೂ ತಾಯಿಗೇ ಕೇಳೂಣು. ಈ ಸಲ ಯಾರೂ ಒಳಗ ಹೋಗಬ್ಯಾಡ್ರಿ, ನಾ ಬಾಗಲದಾಗ ಕುಂದರತೇನಿ."

ಶಿವಕಾಂತಾ ಅತ್ತೆಯ ಮಣಿಕಟ್ಟು ಹಿಡಿದಳು.

"ಬ್ಯಾಡ ಅತ್ತೀ. ತಾಯಿಗೆ ಇವತ್ತ ಸಾಕಷ್ಟು ತ್ರಾಸ ಕೊಟ್ಟೇವಿ. ನನಗ ಗೊತ್ತಿಲ್ಲದ್ದನ್ನ ಅಕಿನ್ನ ಕೇಳಬೇಕು. ಇದು ನನಗ ಗೊತ್ತದ."

ಅವನ ಕಡೆ ತಿರುಗಿದಳು. ಜೇವರ್ಗಿಯ ಗಂಡಂದಿರೆಲ್ಲ ಅಂಜುವ ಡಾಕ್ಟರಬಾಯಿಯ ದನಿ ಆ ಹೊತ್ತಿಗೆ ತುಸು ಮೆತ್ತಗಾಯಿತು.

"ಮಂದಿ ಅಂದ್ರ ನೀವು ಹೇಳ್ರಿ. ವಿಮಾನ ಮಾರಾಕ ಹೋಗಿದ್ದೆ, ನಾ ಏನೂ ಮಾಡಲಿಲ್ಲ, ಅಕಿನೇ ದೇವರ ಗುಡಿಯಾಗ ಪಟ್ಟಿ ಹಚ್ಚಿ ನನ್ನ ಹಿಡಕೊಂಡ್ಳು ಅಂತ. ಖರೇನೂ ಅದ."

ದೇವಿಂದ್ರಪ್ಪ ನಕ್ಕ. ಈ ಸಲ ಗೆರೆಗಳಷ್ಟೇ ಅಲ್ಲ, ಅವನೇ ನಕ್ಕ.

"ಪಟ್ಟಿ ಕಿತ್ತರ ಬರ್ತದ್ರಿ," ಎಂದ. "ನನ್ನ ಅಂಟು ಬಿಡಂಗಿಲ್ಲ. ವಿಚಾರ ಮಾಡ್ರಿ."

"ಮಾಡೇನಿ," ಎಂದಳು ಶಿವಕಾಂತಾ.

ತುಳಜಾಬಾಯಿಯ ಕೈಯಲ್ಲಿ ಒದ್ದೆ ಹೂ ಎರಡೂ ಹಾಗೇ ಇದ್ದವು. ಸುಮ್ಮನೆ ಬಿಸಾಡಲು ಅವಳಿಗೆ ಮನಸ್ಸಾಗಲಿಲ್ಲ. ಗೊಣಗುತ್ತಲೇ ಒಂದನ್ನು ಶಿವಕಾಂತಾಳ ಹೆರಳಿಗೆ ಸಿಕ್ಕಿಸಿದಳು. ಇನ್ನೊಂದನ್ನು ಅವನ ಮುಂದೆ ಹಿಡಿದು, "ತಗೋ. ನಿನ್ನ ಅವ್ವಗ ಒಯ್ದು ಕೊಡು. ಬರೂ ಸೋಮವಾರ ನಾವು ಅಫಜಲಪುರಕ್ಕ ಬರ್ತೇವಿ ಅಂತ ಹೇಳು," ಎಂದಳು. "ಬಸ್ಸಿಗೆ. ನನ್ನ ಮೊಣಕಾಲಿಗೆ ಅದs ಚಲೋ."